ಭಾರ ಎತ್ತಿದರೆ ಮಗ ಕುಳ್ಳ ಆಗ್ತಾನಾ?

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದರೆ ಸಾಕು, ವಿನೋಬನಗರದ ನಮ್ಮ ಜಿಮ್ಮಿಗೆ ಹುಡುಗರ ದಂಡೇ ಬರುತ್ತದೆ. ಅವರ ಹಿಂದೆಯೇ ಅಮ್ಮಂದಿರ ಫೋನು. "ಸರ್, ಈಗಲೇ ಭಾರ ಎತ್ತಿದರೆ ಇವನು ಕುಳ್ಳ ಆಗಲ್ವಾ?"

ಆಗಲ್ಲ ಅಮ್ಮ.

ನಾನು ತೀರ್ಥಹಳ್ಳಿ ಕಡೆಯವನು. ನಮ್ಮಲ್ಲಿ ಹೈಸ್ಕೂಲು ಹುಡುಗ ಬೆಟ್ಟದಿಂದ ಸೊಪ್ಪಿನ ಹೊರೆ ತಂದರೆ, ಕೊಯ್ಲಿನ ಹೊತ್ತಿಗೆ ತೋಟದಿಂದ ಹಸಿ ಅಡಿಕೆ ಕೊನೆ ಹೊತ್ತು ಅಂಗಳಕ್ಕೆ ಹಾಕಿದರೆ, "ಗಟ್ಟಿ ಹುಡುಗ ಮಾರಾಯ" ಅನ್ನುತ್ತಾರೆ. ಎತ್ತರದ ಮಾತೇ ಬರುವುದಿಲ್ಲ. ಅದೇ ಹುಡುಗ ಪೇಟೆಗೆ ಬಂದು ಐದು ಕೆಜಿ ಡಂಬಲ್ ಮುಟ್ಟಿದರೆ ಮನೆಯವರಿಗೆಲ್ಲ ಗಾಬರಿ.

ಹಾಗಂತ ಈ ಭಯಕ್ಕೆ ಬುಡವೇ ಇಲ್ಲ ಅಂತಲ್ಲ. ಬೆಳೆಯುವ ಮಕ್ಕಳ ಉದ್ದ ಎಲುಬುಗಳ ತುದಿ ಹತ್ತಿರ ಮೆದುವಾದ ಒಂದು ಪದರ ಇರುತ್ತದೆ. ಗ್ರೋತ್ ಪ್ಲೇಟ್ ಅನ್ನುತ್ತಾರೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಹುಡುಗಿಯರಲ್ಲಿ ಸುಮಾರು 14ರಿಂದ 16, ಹುಡುಗರಲ್ಲಿ 16ರಿಂದ 18 ವಯಸ್ಸಿನ ಹೊತ್ತಿಗೆ ಅದೂ ಗಟ್ಟಿ ಎಲುಬಾಗುತ್ತದೆ. ಅಲ್ಲಿಗೆ ಎತ್ತರ ನಿಂತ ಹಾಗೆ. ಅದಕ್ಕೆ ಮುಂಚೆ ಆ ಜಾಗವೇ ಮುರಿದರೆ ಕೆಲವೊಮ್ಮೆ ಆ ಎಲುಬು ಸರಿಯಾಗಿ ಬೆಳೆಯುವುದಿಲ್ಲ. ಆದರೆ ಆ ಪೆಟ್ಟು ಮರದಿಂದ ಬಿದ್ದರೂ ಆಗಬಹುದು, ಕಬಡ್ಡಿಯಲ್ಲೂ ಆಗಬಹುದು. ತಿಳಿದವರು ಪಕ್ಕದಲ್ಲಿದ್ದು, ಹದವಾಗಿ ಭಾರ ಎತ್ತಿಸಿದರೆ ಎತ್ತರಕ್ಕಾಗಲಿ ಗ್ರೋತ್ ಪ್ಲೇಟಿಗಾಗಲಿ ಹಾನಿ ಕಾಣುವುದಿಲ್ಲ ಅಂತ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಅಂದರೆ ಅಲ್ಲಿನ ಮಕ್ಕಳ ಡಾಕ್ಟರುಗಳ ಸಂಘ, 2020ರಲ್ಲೂ ಹೇಳಿದೆ. ವಾಲಿಬಾಲಿನಲ್ಲಿ ಹಾರಿ ಕೆಳಗೆ ಇಳಿಯುವಾಗ ಮೈತೂಕದ ಹಲವು ಪಟ್ಟು ಭಾರ ಕಾಲಿಗೆ ಬೀಳುತ್ತದೆ. ಅದನ್ನು ಆಡಬೇಡ ಅಂತ ಯಾರೂ ಹೇಳಲ್ಲ, ಅಲ್ವಾ?

"ಮತ್ತೆ ಟೀವೀಲಿ ಭಾರ ಎತ್ತೋರೆಲ್ಲ ಯಾಕೆ ಗಿಡ್ಡ ಇರ್ತಾರೆ?" ಇದು ಅಪ್ಪಂದಿರ ಪ್ರಶ್ನೆ. ಕೈಕಾಲು ಗಿಡ್ಡ ಇದ್ದರೆ ಬಾರ್, ಅಂದರೆ ಎರಡೂ ತುದಿಗೆ ಭಾರದ ಪ್ಲೇಟ್ ಸಿಕ್ಕಿಸುವ ಕಬ್ಬಿಣದ ಸಲಾಕೆ, ಎತ್ತಬೇಕಾದ ದೂರ ಕಡಿಮೆ. ಹಾಗಾಗಿ ಹಗುರ ತೂಕದ ವಿಭಾಗಗಳಲ್ಲಿ ಅಂಥವರೇ ಮುಂದೆ ಬರುತ್ತಾರೆ. ಮೀರಾಬಾಯಿ ಚಾನು ಟೋಕಿಯೊದಲ್ಲಿ ಬೆಳ್ಳಿ ಗೆದ್ದಿದ್ದು 49 ಕೆಜಿ ವಿಭಾಗದಲ್ಲಿ. ಅದೇ ಒಲಿಂಪಿಕ್ಸಿನಲ್ಲಿ ಎಲ್ಲಕ್ಕಿಂತ ಭಾರದ ವಿಭಾಗದ ಚಿನ್ನ ಗೆದ್ದ ಜಾರ್ಜಿಯಾದ ಲಾಶಾ ತಲಾಖಾದ್ಜೆ ಆರಡಿ ಐದಿಂಚು ಇದ್ದಾರೆ.

ನನ್ನ ಹತ್ತಿರ ಬರುವ ಹೈಸ್ಕೂಲು ಹುಡುಗರಿಗೆ ಮೊದಲು ಬಾರ್ ಕೊಡುವುದಿಲ್ಲ. ಬರೀ ಬಾರೇ 20 ಕೆಜಿ. ಊರಿಂದ ತಂದು ನುಣ್ಣಗೆ ಕೆತ್ತಿಸಿದ ಅಡಿಕೆ ದಬ್ಬೆ ಒಂದಿದೆ. ಅದನ್ನು ಹೆಗಲ ಮೇಲಿಟ್ಟು, ಬರಿಗಾಲಲ್ಲಿ ಕೂತೇಳಲು ಹೇಳುತ್ತೇನೆ. ಕೂರುವಾಗ ಹಿಮ್ಮಡಿ ಮೇಲೇಳುತ್ತದೆ, ಮಂಡಿ ಒಳಗೆ ವಾಲುತ್ತದೆ. ಹಿಮ್ಮಡಿ ಕೆಳಗೆ ನನ್ನ ಬೆರಳು ತೂರಿದರೆ ಇನ್ನೂ ಸರಿಯಾಗಿಲ್ಲ ಅಂತ ಲೆಕ್ಕ. ಹುಡುಗರಿಗೆ ಇದು ಅವಮಾನ. "ಅಣ್ಣಾ, ಕೋಲು ಹಿಡ್ಕೊಂಡು ಫೋಟೋ ಹೆಂಗೆ ಹಾಕೋದು?" ಅಂತ ಮುಖ ಊದಿಸುತ್ತಾರೆ. ಮೊದಲ ಕೆಲವು ವಾರ ತೋಳೇನೂ ದಪ್ಪ ಆಗುವುದಿಲ್ಲ. ನರಗಳು ಮಾಂಸಖಂಡದಿಂದ ಚೆನ್ನಾಗಿ ಕೆಲಸ ತೆಗೆಯುವುದನ್ನು ಕಲಿಯುತ್ತವೆ, ಬಲ ಬರುವುದು ಹಾಗೆ. ತೋಳು ಊದಲಿಲ್ಲ ಅಂತ ಅರ್ಧಕ್ಕೇ ಬಿಟ್ಟು ಹೋಗುವವರೇ ಜಾಸ್ತಿ.

ಪೆಟ್ಟಾಗುವುದು ಬೇರೆ ಕಡೆ. ಗೆಳೆಯ ಮೊಬೈಲ್ ಹಿಡಿದು ನಿಂತಿರುತ್ತಾನೆ, ಇವನು ಬೆಂಚಿನ ಮೇಲೆ ಮಲಗಿ ತಾಕತ್ತು ಮೀರಿ ಎತ್ತಲು ಹೋಗುತ್ತಾನೆ. ಬೆನ್ನು ಹಿಡಿದುಕೊಳ್ಳುತ್ತದೆ, ಇಲ್ಲಾ ಬಾರಿನ ಪ್ಲೇಟ್ ಬೆರಳ ಮೇಲೆ ಬೀಳುತ್ತದೆ. ಅದಕ್ಕೇ ಇಡೀ ಸೆಟ್, ಅಂದರೆ ನಿಲ್ಲಿಸದೆ ಎತ್ತುವ ಒಂದು ಸುತ್ತನ್ನು, ನೆಟ್ಟಗೆ ಮಾಡಲು ಆಗುವಷ್ಟು ಭಾರವನ್ನು ಮಾತ್ರ ಹಾಕಿಸುತ್ತೇನೆ.

ಇನ್ನೊಂದು ವಿಷಯಕ್ಕೆ ಮಾತ್ರ ನಾನು ನಿಜಕ್ಕೂ ಹೆದರುತ್ತೇನೆ. ಬೇಗ ಮೈ ಕಟ್ಟಬೇಕು ಅಂತ ಯಾರೋ ಗುಟ್ಟಾಗಿ ಕೊಡುವ ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್. ಅವು ಗ್ರೋತ್ ಪ್ಲೇಟನ್ನು ಹೊತ್ತಿಗೆ ಮುಂಚೆಯೇ ಮುಚ್ಚಿಸಬಲ್ಲವು. ಬೆಳೆಯುವ ಹುಡುಗನ ಎತ್ತರ ನಿಲ್ಲಿಸುವಂಥದ್ದು ಅದು! ಅದರ ಬಗ್ಗೆ ಮಾತ್ರ ಒಬ್ಬ ಅಮ್ಮನೂ ಫೋನ್ ಮಾಡಿ ಕೇಳಿಲ್ಲ.

ಪ್ರೋಟೀನ್ ಪೌಡರ್ ಬೇಕಾ ಅಂತ ಕೇಳುತ್ತಾರೆ. ಬೇಡ. ಮೊಟ್ಟೆ, ಹಾಲು, ಮೊಳಕೆ ಹೆಸರುಕಾಳು ಸಾಕು. ರಾತ್ರಿ ರೀಲ್ಸ್ ಬಿಟ್ಟು ಮಲಗಲಿ. ಹೈಸ್ಕೂಲಿನವರಿಗೆ ಸಂಜೆ ಐದರ ಬ್ಯಾಚು. ಆಗ ಜನ ಕಡಿಮೆ, ಒಬ್ಬೊಬ್ಬರ ಹಿಮ್ಮಡಿ ನೋಡಲು ನನಗೂ ಪುರುಸೊತ್ತು.