ಇಬಾದಾನ್‌ನ ಎಲೆ ಸಂತೆಯಲ್ಲಿ

ನೈಜೀರಿಯಾದ ಲಾಗೋಸ್‌ನಿಂದ ಇಬಾದಾನ್‌ಗೆ ರೈಲಿನಲ್ಲೇ ಹೋಗಿ ಎಂದು ಎಲ್ಲರೂ ಹೇಳಿದರು. ಎಕ್ಸ್‌ಪ್ರೆಸ್‌ವೇ ಏನೋ ಇದೆ. ಆದರೆ ಲಾಗೋಸ್‌ನ ಟ್ರಾಫಿಕ್‌ನಿಂದ ಬಿಡಿಸಿಕೊಂಡು ಅದನ್ನು ಸೇರುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ರೈಲು 2021ರಲ್ಲಿ ಶುರುವಾಗಿದ್ದು, 157 ಕಿ.ಮೀ. ದಾರಿ. ಎಬುಟೆ ಮೆಟ್ಟಾದಲ್ಲಿ ಬೆಳಿಗ್ಗೆ ಹತ್ತಿ ಕೂತರೆ ಎರಡೂವರೆ, ಮೂರು ಗಂಟೆಗೆ ಇಬಾದಾನ್ ಅಂಚಿನ ಮೋನಿಯಾ. ನಡುವೆ ಅಬೆಯೊಕುಟಾ ಸಿಗುತ್ತದೆ. ಅಲ್ಲಿನ ನಿಲ್ದಾಣಕ್ಕೆ ವೋಲೆ ಶೋಯಿಂಕಾ ಅವರ ಹೆಸರಿಟ್ಟಿದ್ದಾರೆ. ಬರೆಯುವವರ ಹೆಸರು ರೈಲ್ವೆ ಬೋರ್ಡಿನ ಮೇಲೆ ಕಂಡರೆ ಯಾಕೋ ಖುಷಿಯಾಗುತ್ತದೆ. ಅಕ್ಟೋಬರ್ ಕೊನೆ, ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಕಿಟಕಿಯಾಚೆ ಕೆಂಪು ಮಣ್ಣು, ತಾಳೆ ಮರ, ಮರಗೆಣಸಿನ ಹೊಲ.

ಹೋಗಿದ್ದು ಒಂದು ಗಿಡದ ಕಾರಣಕ್ಕೆ. ಅಕ್ಕ-ಭಾವ ಲಾಗೋಸ್‌ನಲ್ಲಿದ್ದಾರೆ. ಅವರ ಬಾಲ್ಕನಿಯಲ್ಲಿ ಎದೆಮಟ್ಟ ಬೆಳೆದ ಒಂದು ತುಳಸಿ ಜಾತಿಯ ಗಿಡವಿತ್ತು. ಅಕ್ಕ ಅದನ್ನು ಸೊಳ್ಳೆ ಓಡಿಸೋಕೆ ಅಂತ ತಂದಿಟ್ಟಿದ್ದಳು. ಭಾವನ ಆಫೀಸಿನ ಒಬ್ಬ ಯೊರೂಬಾ ಜನಾಂಗದ ಹುಡುಗಿ ಊಟಕ್ಕೆ ಬಂದವಳು ಅದನ್ನು ನೋಡಿ, "ಆಂಟಿ, ಇಷ್ಟು ಚೆನ್ನಾಗಿರೋ ಎಫಿನ್ರಿನ್ ಸುಮ್ನೆ ಸೊಳ್ಳೆಗೆ ಇಟ್ಟಿದ್ದೀರಾ? ಸಾರಿಗೆ ಹಾಕಲ್ವಾ?" ಅಂತ ನಕ್ಕಳು. ಅವಳ ಊರು ಇಬಾದಾನ್. ಅಮ್ಮ ಅಲ್ಲೇ ಇರುವುದು. ವಾರದ ಕೊನೆಗೆ ಹೋಗುವವಳಿದ್ದಳು, ನಾನೂ ಹೊರಟೆ.

ಎಫಿನ್ರಿನ್ ಅಂದರೆ ಸಸ್ಯಶಾಸ್ತ್ರದವರ ಆಸಿಮಮ್ ಗ್ರಾಟಿಸಿಮಮ್. ನಮ್ಮಲ್ಲೂ ಇದೆ. ರಾಮ ತುಳಸಿ ಅಂತಲೋ ನಿಂಬೆ ತುಳಸಿ ಅಂತಲೋ ಕೆಲವು ಮನೆಗಳ ಹಿತ್ತಲಲ್ಲಿ ಬೆಳೆಯುತ್ತಾರೆ. ಪೂಜೆಯ ತುಳಸಿಗಿಂತ ಎಲೆ ದೊಡ್ಡದು, ಅಂಗೈಯಷ್ಟಿರುತ್ತದೆ. ಅಂಚಿಗೆ ಗರಗಸದ ಹಲ್ಲು, ಮೈಮೇಲೆ ಸಣ್ಣ ರೋಮ. ಬುಡ ಬಲಿತು ಕಟ್ಟಿಗೆಯಾಗುತ್ತದೆ. ನೈಜೀರಿಯಾದ ಇಂಗ್ಲಿಷಿನಲ್ಲಿ ಇದಕ್ಕೆ ಸೆಂಟ್ ಲೀಫ್ ಎಂದು ಹೆಸರು. ಇಗ್ಬೋ ಜನ ಎನ್‌ಚನ್ವು ಅನ್ನುತ್ತಾರೆ.

ಮೋನಿಯಾದಿಂದ ಊರೊಳಕ್ಕೆ ಟ್ಯಾಕ್ಸಿ. ಇಬಾದಾನ್‌ನಲ್ಲಿ ಟ್ಯಾಕ್ಸಿ ಅಂದರೆ ನಿಸ್ಸಾನ್ ಮೈಕ್ರಾ, ಹಿಂದೆ ಮೂವರು, ಮುಂದೆ ಡ್ರೈವರ್ ಜೊತೆ ಇಬ್ಬರು. ಊರು ಗುಡ್ಡಗಳ ಮೇಲೆ ಹರಡಿಕೊಂಡಿದೆ. ಮಾಪೋ ಗುಡ್ಡದ ಮೇಲೆ 1929ರಲ್ಲಿ ತೆರೆದ ಕಂಬಗಳ ಟೌನ್‌ಹಾಲ್ ಇದೆ. ಅದರ ಮೆಟ್ಟಿಲ ಮೇಲೆ ನಿಂತರೆ ಕಣ್ಣು ಹಾಯಿಸಿದಷ್ಟೂ ತುಕ್ಕು ಹಿಡಿದ ತಗಡಿನ ಚಾವಣಿ. 1965ರ ಕೊಕೊ ಹೌಸ್ ಕಟ್ಟಡ ದೂರದಲ್ಲಿ ಒಂದೇ ಎದ್ದು ಕಾಣುತ್ತದೆ. ಕೊಕೊ ಮಾರಿದ ದುಡ್ಡಿನಲ್ಲಿ ಕಟ್ಟಿದ್ದು, 26 ಅಂತಸ್ತು. ಇದನ್ನೆಲ್ಲ ಬೇಗ ಮುಗಿಸಿ ಬೋಡೆ ಮಾರ್ಕೆಟ್‌ಗೆ ನಡೆದೆವು. ನನಗೆ ಬೇಕಿದ್ದಿದ್ದು ಅದು.

ಬೋಡೆ ನಾಟಿ ಮದ್ದಿನ ಸಾಮಾನಿಗೆ ಹೆಸರಾದ ಸಂತೆ. ಒಂದು ಕಡೆ ಒಣ ಸಾಮಾನಿನ ಅಂಗಡಿಗಳು. ತೊಗಟೆ, ಬೇರು, ಬೀಜ, ಚಿಪ್ಪು, ಒಣಗಿದ ಓತಿಕ್ಯಾತ, ಹಕ್ಕಿ ತಲೆ. ಇವುಗಳನ್ನು ಮಾರುವವರು ಲೆಕುಲೆಜಾ. ಇನ್ನೊಂದು ಕಡೆ ಹಸಿ ಎಲೆ ಮಾರುವ ಹೆಂಗಸರು, ಎಲೆವೆ ಒಮೊ. ಪ್ರಾಣಿಗಳ ತಲೆ ನೋಡಿ ಫೋಟೋ ಹೊಡೆಯುವ ಪ್ರವಾಸಿಗರಿದ್ದಾರೆ. ನನಗೆ ಅದರಲ್ಲಿ ಆಸಕ್ತಿ ಹುಟ್ಟಲಿಲ್ಲ. ದಿನನಿತ್ಯದ ವ್ಯಾಪಾರ ನಡೆಯುವುದು ಎಲೆಯವರ ಹತ್ತಿರ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಅಮ್ಮಂದಿರು ಬರುತ್ತಾರೆ, ಏನಾಗಿದೆ ಅಂತ ಹೇಳುತ್ತಾರೆ, ಎಲೆ ತಗೊಂಡು ಹೋಗುತ್ತಾರೆ.

ನನ್ನ ಜೊತೆಗಾರ್ತಿ ಒಬ್ಬ ಅಜ್ಜಿಯ ಮುಂದೆ ಮಂಡಿ ಬಗ್ಗಿಸಿ "ಎ ಕಾಸಾನ್, ಮಾ" ಎಂದಳು. ಯೊರೂಬಾ ಹೆಣ್ಣುಮಕ್ಕಳು ಹಿರಿಯರಿಗೆ ಹೀಗೇ ನಮಸ್ಕರಿಸುವುದು, ಸಂತೆಯಲ್ಲಾದರೂ ಸರಿ. ನಾನೂ ಬಗ್ಗಿದೆ. ಅಜ್ಜಿಗೆ ಅದು ಹಿಡಿಸಿತು. "ಈ ಓಯಿಬೋಗೆ ಯಾರು ಕಲಿಸಿದ್ದು?" ಎಂದು ಕೇಳಿದರಂತೆ. ನನ್ನ ಬಣ್ಣ ಅವರಿಗಿಂತ ಬಹಳ ಬೇರೆಯೇನಿಲ್ಲ, ಆದರೂ ಹೊರಗಿನಿಂದ ಬಂದವರೆಲ್ಲ ಓಯಿಬೋ.

"ಎಫಿನ್ರಿನ್ ಬೇಕು" ಅಂದಾಗ ಅಜ್ಜಿ ಕಟ್ಟು ಎತ್ತಿ ಕೊಡಲಿಲ್ಲ. ಯಾವುದಕ್ಕೆ ಅಂತ ಕೇಳಿದರು. ದೊಡ್ಡೆಲೆಯದು ಬೇಕೋ, ಸಣ್ಣೆಲೆಯದು ಬೇಕೋ? ಎಫಿನ್ರಿನ್ ನ್ಲಾ, ಎಫಿನ್ರಿನ್ ವೆವೆ. ಹೊಟ್ಟೆಗೋ, ನೆಗಡಿಗೋ, ಮಗುವಿಗೋ, ಅಡುಗೆಗೋ? ಸೊಳ್ಳೆಗೆ ಅಂತ ಹುಡುಗಿ ಹೇಳಿದಾಗ ಪಕ್ಕದವರೆಲ್ಲ ನಕ್ಕರು. ಅಜ್ಜಿ ಮಾತ್ರ ತಲೆಯಾಡಿಸಿ, "ಕೈಕಾಲಿಗೆ ಉಜ್ಜಿಕೊಳ್ಳಿ, ಇಲ್ಲಾಂದ್ರೆ ಕೆಂಡದ ಮೇಲೆ ಹಾಕಿ ಹೊಗೆ ಮಾಡಿ. ಆಮೇಲೆ ಪರದೆ ಕಟ್ಟಿಕೊಂಡು ಮಲಗಿ" ಎಂದರು.

ಅದಕ್ಕಿಂತ ಹೊಟ್ಟೆಯ ಬಗ್ಗೆ ಹೇಳುವಾಗ ಅವರ ಮುಖ ಅರಳಿತು. ಕಟ್ಟಿನಿಂದ ಒಂದು ಹಿಡಿ ಎಲೆ ಬಿಡಿಸಿ ಬಕೆಟ್ ನೀರಿನಲ್ಲಿ ಅದ್ದಿ ಕೊಡವಿದರು. ಅಂಗೈಯಲ್ಲಿಟ್ಟು ಚಿಟಿಕೆ ಉಪ್ಪು ಹಾಕಿ ಎರಡೂ ಕೈಯಿಂದ ಹೊಸೆದರು. ಮೊದಲು ಎಲೆ ಬಾಡಿತು, ಆಮೇಲೆ ಕಪ್ಪಾಯಿತು, ಆಮೇಲೆ ಬೆರಳ ಸಂದಿನಿಂದ ದಟ್ಟ ಹಸಿರು ರಸ ಒಸರಿತು. ಸ್ಟೀಲ್ ಲೋಟಕ್ಕೆ ಹಿಂಡಿದರೆ ಬಂದಿದ್ದು ಎರಡು ಚಮಚ ಅಷ್ಟೇ. ಹೊಟ್ಟೆ ನುಲಿದರೆ, ಭೇದಿಯಾದರೆ ಇದನ್ನು ಕುಡಿಯುವುದು. ನೆಗಡಿ ಕಟ್ಟಿದರೆ ಎಲೆ ಕುದಿಸಿದ ನೀರಿನ ಹಬೆ. ಮಕ್ಕಳಿಗೆ ಜ್ವರ ಬಂದರೆ ಇದೇ ನೀರಿನಲ್ಲಿ ಸ್ನಾನ. ನಾನು ರಸವನ್ನು ನಾಲಿಗೆಗೆ ಹಚ್ಚಿಕೊಂಡೆ. ಮೊದಲು ಉಪ್ಪು, ಹಿಂದೆಯೇ ಕಾರ, ಆಮೇಲೆ ನಾಲಿಗೆ ತುದಿ ಸ್ವಲ್ಪ ಜೋಮು ಹಿಡಿದ ಹಾಗಾಯಿತು.

ಆ ವಾಸನೆ ನನಗೆ ಹೊಸದಾಗಿರಲಿಲ್ಲ. ಓಮ ಅರೆದು ಅದಕ್ಕೆ ಲವಂಗ ಸೇರಿಸಿದ ಹಾಗೆ. ಕಾರಣವೂ ಸರಳ. ಓಮದ ಘಾಟು ಥೈಮಾಲ್ ಎಂಬ ಪದಾರ್ಥದ್ದು, ಲವಂಗದ್ದು ಯೂಜಿನಾಲ್. ಈ ಗಿಡದ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದೂ ಇವೇ. ಪಾಲು ಮಾತ್ರ ಊರಿಂದ ಊರಿಗೆ ಬದಲಾಗುತ್ತದೆ. ಪಶ್ಚಿಮ ಆಫ್ರಿಕಾದ ಗಿಡಗಳಲ್ಲಿ ಸಾಮಾನ್ಯವಾಗಿ ಥೈಮಾಲ್ ಜಾಸ್ತಿ. ಭಾರತದಲ್ಲಿ ಯೂಜಿನಾಲ್ ತೆಗೆಯುವುದಕ್ಕೆಂದೇ ಬೆಳೆಸುವ ತಳಿಗಳಿವೆ. ಭೇದಿ ತರುವ ಕೆಲವು ಬ್ಯಾಕ್ಟೀರಿಯಾಗಳನ್ನು ಈ ಎಣ್ಣೆ ಪ್ರಯೋಗಾಲಯದಲ್ಲಿ ತಡೆಯುತ್ತದೆ. ಹೊಟ್ಟೆನೋವಿಗೆ ನಮ್ಮಜ್ಜಿಯಂದಿರು ಓಮದ ನೀರು ಕೊಡುತ್ತಿದ್ದದ್ದು, ಇಲ್ಲಿನ ಅಜ್ಜಿಯಂದಿರು ಎಫಿನ್ರಿನ್ ಹಿಂಡುವುದು, ಎರಡೂ ಒಂದೇ ಪದಾರ್ಥವನ್ನು ನಂಬಿಕೊಂಡು. ಒಬ್ಬರನ್ನೊಬ್ಬರು ಕೇಳಿ ಮಾಡಿದ್ದಲ್ಲ.

ಪಕ್ಕದ ಅಂಗಡಿಯಲ್ಲಿ ಬೇವಿನ ಸೊಪ್ಪಿನ ರಾಶಿ ಕಂಡಿತು. ಇಲ್ಲಿ ಅದಕ್ಕೆ ದೊಂಗೊಯಾರೊ. ಇದು ಮಾತ್ರ ನಮ್ಮ ಕಡೆಯದೇ. ಭಾರತದಿಂದ ಬ್ರಿಟಿಷರ ಕಾಲದಲ್ಲಿ ಪಶ್ಚಿಮ ಆಫ್ರಿಕಾಕ್ಕೆ ಹೋದ ಮರ. ಬಂದು ನೂರು ವರ್ಷ ಆಗಿದೆಯೋ ಇಲ್ಲವೋ, ಆಗಲೇ ಯೊರೂಬಾ ಮದ್ದಿನಲ್ಲಿ ಸೇರಿಹೋಗಿದೆ. ಜ್ವರದ ಕಷಾಯಕ್ಕೆ ಆಗ್ಬೊ ಇಬಾ ಎನ್ನುತ್ತಾರೆ. ಬೇವು, ಪರಂಗಿ ಎಲೆ, ಮಜ್ಜಿಗೆ ಹುಲ್ಲು, ಮಾವಿನ ತೊಗಟೆ, ಒರುವೊ ಮರದ ಎಲೆ, ಹೀಗೆ ಮನೆಗೊಂದು ಲೆಕ್ಕ. ಕೆಲವರು ಎಫಿನ್ರಿನ್ ಕೂಡ ಹಾಕುತ್ತಾರೆ. ಬಸ್ ನಿಲ್ಲುವ ಮೋಟಾರ್ ಪಾರ್ಕ್‌ಗಳಲ್ಲಿ ಹೆಂಗಸರು ಹಳೇ ಬಾಟಲಿಗಳಲ್ಲಿ ಇದನ್ನು ತುಂಬಿಕೊಂಡು ಓಡಾಡುತ್ತಾರೆ. ಡ್ರೈವರ್‌ಗಳು ಬೆಳಿಗ್ಗೆಯೇ ಒಂದು ಲೋಟ ಏರಿಸುತ್ತಾರೆ.

ಇಲ್ಲಿ ಸ್ವಲ್ಪ ಖಡಾಖಂಡಿತ ಮಾತಾಡಬೇಕು. ಜಗತ್ತಿನ ಮಲೇರಿಯಾ ರೋಗಿಗಳಲ್ಲಿ ಸುಮಾರು ಕಾಲು ಭಾಗ ನೈಜೀರಿಯಾದವರು. ಸಾಯುವವರಲ್ಲಿ ಜಾಸ್ತಿ ಐದು ವರ್ಷದೊಳಗಿನ ಮಕ್ಕಳು. ಅಂಥ ಕಡೆ ಕಷಾಯ ಕುಡಿಸಿ ಎರಡು ದಿನ ಕಾಯುವುದು ಅಪಾಯದ ಆಟ. ಔಷಧಿ ಅಂಗಡಿಯಲ್ಲಿ ಬೆರಳು ಚುಚ್ಚಿ ನೋಡುವ ಕಿಟ್ ಸಿಗುತ್ತದೆ, ಆರ್ಟೆಮಿಸಿನಿನ್ ಸೇರಿದ ಮಾತ್ರೆ ಸಿಗುತ್ತದೆ. ಹುಡುಗಿಯ ಅಮ್ಮ ನಿವೃತ್ತ ನರ್ಸ್. ಅವರ ಮನೆಯಲ್ಲಿ ಎಲೆ, ಮಾತ್ರೆ ಎರಡೂ ಇದ್ದವು. "ನೆಗಡಿಗೆ ಎಲೆ, ಚಳಿಜ್ವರಕ್ಕೆ ಮಾತ್ರೆ. ಇದರಲ್ಲಿ ಜಗಳ ಏನಿದೆ?" ಎಂದರು. ಪ್ಯಾಕೆಟ್‌ನಲ್ಲಿ ಬರುವ ಗಿಡಮೂಲಿಕೆ ಮದ್ದುಗಳನ್ನೂ ತೋರಿಸಿದರು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ನಾಫ್‌ಡ್ಯಾಕ್‌ನ ನಂಬರಿನ ಜೊತೆಗೇ, ಮೇಲೆ ಹೇಳಿದ ಗುಣಗಳನ್ನು ನಾಫ್‌ಡ್ಯಾಕ್ ಪರೀಕ್ಷಿಸಿಲ್ಲ ಎಂಬ ಸಾಲೂ ಇರುತ್ತದೆ. ನಮ್ಮಲ್ಲೂ ಅಷ್ಟು ನೇರವಾಗಿ ಬರೆದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ಮಧ್ಯಾಹ್ನ ಅಮಾಲಾ. ಗೆಣಸಿನ ಜಾತಿಯ ಯಾಮ್ ಗಡ್ಡೆಯನ್ನು ಒಣಗಿಸಿ ಹಿಟ್ಟು ಮಾಡಿ ತಿರುವಿದ ಕಂದು ಮುದ್ದೆ. ಅಗಿಯಬಾರದು, ನುಂಗಬೇಕು. ಹಳೇ ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಂಜೆಗೆ ಅಮ್ಮ ಮೀನಿನ ಪೆಪ್ಪರ್ ಸೂಪ್ ಮಾಡಿದರು. ಮೆಣಸು, ಒಣಮೆಣಸಿನಕಾಯಿ, ಈರುಳ್ಳಿ ಹಾಕಿ ಕ್ಯಾಟ್‌ಫಿಶ್ ಬೇಯಿಸಿದರು. ಎಲೆ ಹಾಕಿದ್ದು ಕಟ್ಟಕಡೆಗೆ. ಸಣ್ಣಗೆ ಹೆಚ್ಚಿ, ಒಲೆ ಆರಿಸಿ, ಮೇಲೆ ಉದುರಿಸಿ ತಟ್ಟನೆ ಮುಚ್ಚಿಬಿಟ್ಟರು. ಮೊದಲೇ ಹಾಕಿದರೆ ವಾಸನೆಯೆಲ್ಲ ಹಬೆಯ ಜೊತೆ ಹಾರಿಹೋಗುತ್ತದೆ ಎಂದರು.

ಸೊಳ್ಳೆಯ ಕಥೆಯೂ ಅದೇ ಮಾತಿನಲ್ಲಿದೆ. ಎಣ್ಣೆ ಎಲೆಯ ಮೇಲ್ಮೈಯ ಸಣ್ಣ ಸಣ್ಣ ಗ್ರಂಥಿಗಳಲ್ಲಿರುತ್ತದೆ. ಅವು ಒಡೆದರೇ ಚೆನ್ನಾಗಿ ಹೊರಗೆ ಬರುತ್ತದೆ. ಕುಂಡದಲ್ಲಿ ಸುಮ್ಮನೆ ನಿಂತ ಗಿಡ ಸೊಳ್ಳೆಯನ್ನು ಅಷ್ಟಾಗಿ ತಡೆಯುವುದಿಲ್ಲ. ಉಜ್ಜಿದರೆ, ಸುಟ್ಟರೆ ತಡೆಯುತ್ತದೆ. ಆದರೆ ಬೇಗ ಆವಿಯಾಗುವ ಎಣ್ಣೆ, ಒಂದೆರಡು ಗಂಟೆಗೆ ಮುಗಿಯಿತು. ಮಲೇರಿಯಾ ತರುವ ಅನಾಫಿಲಿಸ್ ಸೊಳ್ಳೆ ಜಾಸ್ತಿ ಕಚ್ಚುವುದು ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ. ಸಂಜೆ ಏಳಕ್ಕೆ ಉಜ್ಜಿಕೊಂಡ ಎಲೆ ಆ ಹೊತ್ತಿಗೆ ಎಲ್ಲಿರುತ್ತದೆ? ಸಂತೆಯ ಅಜ್ಜಿ ಪರದೆ ಕಟ್ಟಿಕೊಳ್ಳಿ ಎಂದಿದ್ದು ಅನುಭವದ ಮಾತು. ಜಗಲಿಯಲ್ಲಿ ಕೂತು ಹರಟುವ ಹೊತ್ತಿಗೆ ಎಲೆ, ನಿದ್ದೆಗೆ ಪರದೆ.

ಆ ಮನೆಯಲ್ಲಿ ಸಂಜೆ ಹೊಗೆಗೆ ಬಳಸಿದ್ದು ಎಫಿನ್ರಿನ್ ಅಲ್ಲ, ಕಿತ್ತಳೆ ಸಿಪ್ಪೆ. ನೈಜೀರಿಯಾದ ಬೀದಿಯಲ್ಲಿ ಕಿತ್ತಳೆಯ ಹೊರಸಿಪ್ಪೆಯನ್ನು ಚಾಕುವಿನಿಂದ ಸುರುಳಿಯಾಗಿ ಹೆರೆದು ಮಾರುತ್ತಾರೆ. ಆ ಸುರುಳಿಗಳನ್ನು ಒಣಗಿಸಿ ಇಟ್ಟುಕೊಂಡು ಸಂಜೆ ಸುಡುತ್ತಾರೆ. ಅಡುಗೆಗೆ ಬರುವ ಎಲೆಯನ್ನು ಸುಡುವುದು ದಂಡ ಅಂತ ಅಮ್ಮನ ಲೆಕ್ಕ.

ಮಾರನೆಯ ದಿನ ಓಶೋಗ್ಬೊಗೆ ಹೋದೆವು. ರಸ್ತೆ ಬದಿಯಲ್ಲಿ ನಾಯಿ ತುಳಸಿ ಕಾಡಿನ ಹಾಗೆ ಬೆಳೆದಿತ್ತು. ನಮ್ಮೂರಿನ ಖಾಲಿ ಸೈಟುಗಳಲ್ಲಿ ಬೆಳೆಯುವ ಕಳೆಯೇ ಅದು. ಅಮೆರಿಕದ ಕಡೆಯಿಂದ ಬಂದು ಎರಡೂ ಖಂಡ ತುಂಬಿದೆ. ಸೊಳ್ಳೆಗೆ ಹೊಗೆ ಹಾಕಲು ಪಶ್ಚಿಮ ಆಫ್ರಿಕಾದ ಹಳ್ಳಿಗಳಲ್ಲಿ ಇದನ್ನೂ ಬಳಸುತ್ತಾರೆ. ಸಾರಿಗೆ ಯಾರೂ ಹಾಕದ ಕಾರಣ ಸುಡುವುದಕ್ಕೆ ಯಾರ ತಕರಾರೂ ಇಲ್ಲ!

ಓಶೋಗ್ಬೊದಲ್ಲಿ ಓಶುನ್ ನದಿಯ ದೇವರ ಕಾಡು ಇದೆ. 75 ಹೆಕ್ಟೇರ್. 2005ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಆಸ್ಟ್ರಿಯಾದಿಂದ ಬಂದು ಇಲ್ಲೇ ನೆಲೆಸಿದ ಕಲಾವಿದೆ ಸುಸಾನ್ ವೆಂಗರ್ ಮತ್ತು ಸ್ಥಳೀಯ ಕುಶಲಕರ್ಮಿಗಳು ಸೇರಿ ಮಾಡಿದ ಮಣ್ಣು-ಸಿಮೆಂಟಿನ ದೊಡ್ಡ ದೊಡ್ಡ ಶಿಲ್ಪಗಳು ಮರಗಳ ನಡುವೆ ನಿಂತಿವೆ. ವೆಂಗರ್ 2009ರಲ್ಲಿ ಇಲ್ಲೇ ತೀರಿಕೊಂಡರು. ಕಾಡಿನಲ್ಲಿ ಸುಮಾರು 400 ಬಗೆಯ ಸಸ್ಯಗಳಿವೆ, ಅದರಲ್ಲಿ 200ಕ್ಕೂ ಹೆಚ್ಚು ಮದ್ದಿಗೆ ಬರುವಂಥವು ಎಂದು ಲೆಕ್ಕ. ಮರ ಕಡಿಯುವಂತಿಲ್ಲ, ಬೇಟೆಯಿಲ್ಲ, ನದಿಯಲ್ಲಿ ಮೀನು ಹಿಡಿಯುವಂತಿಲ್ಲ. ಕೊಡಗಿನ ದೇವರಕಾಡು ನೋಡಿದವರಿಗೆ ಈ ಕಟ್ಟುಪಾಡು ಗೊತ್ತಿರುವುದೇ.

ಯೊರೂಬಾ ಜನರಿಗೆ ಎಲೆಗಳ ದೇವರೇ ಬೇರೆ ಇದ್ದಾನೆ, ಒಸಾನ್ಯಿನ್. ಒಂದು ಕಣ್ಣು, ಒಂದು ಕೈ, ಒಂದು ಕಾಲು. ಅವನ ಗುರುತು ಕಬ್ಬಿಣದ ಕೋಲು, ತುದಿಯಲ್ಲಿ ಒಂದು ಹಕ್ಕಿ, ಅದರ ಸುತ್ತ ಸಣ್ಣ ಹಕ್ಕಿಗಳು. ಬಲ್ಲವರು ಎಲೆ ಕೀಳುವಾಗ ಅದಕ್ಕೆ ತಕ್ಕ ಮಾತನ್ನೂ ಹೇಳುತ್ತಾರೆ. ಮಾತಿಲ್ಲದೆ ಎಲೆ ಪೂರ್ತಿ ಕೆಲಸ ಮಾಡದು ಎಂದು ನಂಬಿಕೆ. ಪಿಯರ್ ವರ್ಜೆ ಎಂಬ ಫ್ರೆಂಚ್ ಛಾಯಾಗ್ರಾಹಕ ಈ ಮಾತುಗಳ ಬೆನ್ನು ಹತ್ತಿ, ತಾನೇ ದೀಕ್ಷೆ ಪಡೆದು, ಎಲೆಯ ಜೊತೆ ಮಂತ್ರವನ್ನೂ ಬರೆದಿಟ್ಟರು. ಗುಲಾಮರಾಗಿ ಅಟ್ಲಾಂಟಿಕ್ ದಾಟಿದ ಯೊರೂಬಾ ಜನರ ಜೊತೆ ಈ ಎಲೆವಿದ್ಯೆಯೂ ಬ್ರೆಜಿಲ್ ಸೇರಿತು. ಅಲ್ಲಿನ ಕಾಂದೊಂಬ್ಲೆ ಎಂಬ ಧರ್ಮದ ಆಚರಣೆಗಳಲ್ಲಿ ಮೈ ಶುದ್ಧಿಯ ಸ್ನಾನದ ನೀರಿಗೆ ಇಂದಿಗೂ ತುಳಸಿ ಜಾತಿಯ ಎಲೆಗಳನ್ನು ಕಿವುಚಿ ಹಾಕುತ್ತಾರೆ.

ಹೋಗುವವರಿಗೆ ಒಂದೆರಡು ಮಾತು. ಹಳದಿ ಜ್ವರದ ಲಸಿಕೆ ಕಡ್ಡಾಯ, ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು. ಆ ಲಸಿಕೆಯ ಹಳದಿ ಕಾರ್ಡ್ ಇಲ್ಲದಿದ್ದರೆ ವಾಪಸ್ ಬರುವಾಗ ಭಾರತದಲ್ಲೇ ತಡೆದು ಕೂರಿಸುತ್ತಾರೆ. ಮಲೇರಿಯಾ ತಡೆಯುವ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಮೊದಲೇ ಶುರುಮಾಡಿ, ಬಂದ ಮೇಲೂ ಹೇಳಿದಷ್ಟು ದಿನ ನುಂಗಿ. ಎಲೆ, ಗಿಡ, ಬೀಜ ಬ್ಯಾಗಿಗೆ ಹಾಕಿಕೊಳ್ಳುವುದು ಬೇಡ, ಏರ್‌ಪೋರ್ಟಿನಲ್ಲಿ ತಕರಾರು. ಬೇಕಾದರೆ ಇಲ್ಲಿನ ನರ್ಸರಿಯಲ್ಲಿ ರಾಮ ತುಳಸಿ ಕೇಳಿ, ಆದರೆ ಎಲೆ ಹಿಸುಕಿ ಮೂಸಿ ನೋಡದೆ ತರಬೇಡಿ, ಆ ಹೆಸರಿನಲ್ಲಿ ಬೇರೆ ಗಿಡಗಳನ್ನೂ ಕೊಡುತ್ತಾರೆ. ಆಗಸ್ಟ್‌ನಲ್ಲಿ ಹೋದರೆ ಓಶುನ್ ಹಬ್ಬ ಸಿಗುತ್ತದೆ, ಜೊತೆಗೆ ಸೊಳ್ಳೆಯೂ ಜಾಸ್ತಿ. ಡಿಸೆಂಬರ್-ಜನವರಿಯಲ್ಲಿ ಸೊಳ್ಳೆ ಕಡಿಮೆ, ಸಹಾರಾ ಕಡೆಯಿಂದ ಹರ್ಮಟಾನ್ ಗಾಳಿ ಬೀಸಿ ಧೂಳು ಮುಸುಕಿರುತ್ತದೆ. ನಾನಾದರೆ ಹಬ್ಬಕ್ಕೇ ಹೋಗುತ್ತೇನೆ.