ಗಂಧದೆಣ್ಣೆಯ ಹಳೇ ಕೆಲಸ

ಅರೋಮಾಥೆರಪಿ, ಅಂದ್ರೆ ಪರಿಮಳದೆಣ್ಣೆಗಳ ಚಿಕಿತ್ಸೆಯ ಅಂಗಡಿಯಲ್ಲಿ ಶ್ರೀಗಂಧದೆಣ್ಣೆಯ ಪುಟ್ಟ ಬಾಟಲಿ, ಮೇಲೆ 'ಮನಶ್ಶಾಂತಿಗೆ' ಅಂತ ಚೀಟಿ. ನಗು ಬಂತು. ಪೆನಿಸಿಲಿನ್ ಬರೋಕೆ ಮುಂಚೆ ಯುರೋಪಿನ ಡಾಕ್ಟರುಗಳು ಇದೇ ಎಣ್ಣೆಯನ್ನ ಕ್ಯಾಪ್ಸೂಲಿಗೆ ತುಂಬಿ ಗೊನೋರಿಯಾ ಅನ್ನೋ ಲೈಂಗಿಕ ರೋಗ ಬಂದವರಿಗೆ ನುಂಗಿಸ್ತಿದ್ರು! ಶಾಂತಿಯ ಮಾತು ಯಾರೂ ಎತ್ತಿರಲಿಕ್ಕಿಲ್ಲ.

ಆಗ ಮೈಸೂರು ಸೀಮೆಯ ಗಂಧದ ಕೊರಡುಗಳು ಹಡಗು ಹತ್ತಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗ್ತಿದ್ದವು. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಬಂದ್. ಮಾರಾಟವಾಗದ ಮರ ಇಲ್ಲೇ ರಾಶಿ ಬಿತ್ತು. ನಾವೇ ಯಾಕೆ ಎಣ್ಣೆ ತೆಗೀಬಾರದು ಅಂತ ನಾಲ್ವಡಿಯವರ ಸರ್ಕಾರ ಹೊರಟಿತು, ದಿವಾನರು ವಿಶ್ವೇಶ್ವರಯ್ಯ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಈಗಿನ ಐಐಎಸ್‌ಸಿ) ರಸಾಯನ ವಿಜ್ಞಾನಿಗಳಾದ ಸಡ್‌ಬರೋ, ವಾಟ್ಸನ್ ಪ್ರಯೋಗ ಮಾಡಿದರು, 1916ರಲ್ಲಿ ಎಣ್ಣೆ ಇಳೀತು. ಮೈಸೂರು ಸ್ಯಾಂಡಲ್ ಸೋಪು ಬಂದಿದ್ದು ಅದರ ಬೆನ್ನಿಗೇ.

ತೆಗೆಯೋ ಬಗೆ ನೋಡಿ: ಹೊರಗಿನ ಬಿಳಿ ಮರದಲ್ಲಿ ವಾಸನೆ ಇಲ್ಲ, ಚೇಗು (ಮರದ ಒಳತಿರುಳು) ಮತ್ತು ಬೇರನ್ನೇ ಪುಡಿ ಮಾಡಬೇಕು. ಅದರೊಳಗೆ ಗಂಟೆಗಟ್ಟಲೆ ಹಬೆ ಹಾಯಿಸ್ತಾರೆ. ಹಬೆ ಜೊತೆ ಹೊರಟ ಎಣ್ಣೆ ತಣ್ಣಗಾದಾಗ ನೀರಿನ ಮೇಲೆ ತಿಳಿಹಳದಿಯಾಗಿ ತೇಲುತ್ತೆ.

'ಅರೋಮಾಥೆರಪಿ' ಅನ್ನೋ ಹೆಸರಿನ ಪುಸ್ತಕವನ್ನ ಫ್ರಾನ್ಸಿನ ಕೆಮಿಸ್ಟ್ ಗಟ್‌ಫೊಸೆ ಬರೆದಿದ್ದು 1937ರಲ್ಲಿ. ಅಷ್ಟರಲ್ಲಿ ನಮ್ಮ ಗಂಧದೆಣ್ಣೆ ತಯಾರಿಕೆಗೆ ಇಪ್ಪತ್ತು ವರ್ಷ ದಾಟಿತ್ತು.

ಪರಿಮಳಕ್ಕೆ ಮನಸ್ಸು ಹಗುರಾಗುತ್ತೆ, ಒಪ್ಪಿದೆ. ಸಕಲ ರೋಗಕ್ಕೂ ಮದ್ದು ಅಂದ್ರೆ ಮಾತ್ರ ನಾನು ನಂಬಲ್ಲ. ಅಂದಹಾಗೆ, ಇನ್ನೂರು ರೂಪಾಯಿಗೆ ಸಿಕ್ಕ ಬಾಟಲಿಯಲ್ಲಿ ಏನಿದ್ದರೂ ಅಪ್ಪಟ ಗಂಧದೆಣ್ಣೆಯಂತೂ ಇರಲ್ಲ.