ಐರನ್ ಗುಳಿಗಿ ಮತ್ತು ಅತ್ತಿ ಮಗ

ಹೈಸ್ಕೂಲಿನ್ಯಾಗ ಇದ್ದಾಗಿಂದ ನಂಗ ರಕ್ತ ಕಡಿಮಿ ಅಂತ ಎಲ್ಲಾರೂ ಅನ್ಕೋತನ ಬಂದಾರ, ಬೀಟ್‌ರೂಟ್ ತಿನ್ನು, ಖರ್ಜೂರ ತಿನ್ನು, ಐರನ್ ಗುಳಿಗಿ ನುಂಗು, ಎಷ್ಟು ನುಂಗಿದ್ರೂ ಹಿಮೋಗ್ಲೋಬಿನ್ ಹತ್ತರ ಆಸುಪಾಸು ಬಿಟ್ಟು ಏಳಲಿಲ್ಲ. ಮದಿವ್ಯಾಗಿ ಪುಣೆಗೆ ಬಂದ್ವಿ, ಕೂಸಿನ ಯೋಚನೆ ಮಾಡಿದ್ವಿ, ಚಿಂಚವಾಡದಾಗ ಡಾಕ್ಟರ್ ಮೇಡಮ್ ಹತ್ರ ಹೋದಾಗ ಅವ್ರು ಸಿಬಿಸಿ, ಅಂದ್ರ ರಕ್ತಕಣ ಎಣಸೂ ಟೆಸ್ಟಿನ ರಿಪೋರ್ಟಿನ್ಯಾಗ ಹಿಮೋಗ್ಲೋಬಿನ್ ಬಿಟ್ಟು ಕೆಳಗ ಎಂಸಿವಿ (ಕೆಂಪು ರಕ್ತಕಣದ ಗಾತ್ರ) 64 ಅಂತಿದ್ದ ಸಾಲಿಗೆ ಪೆನ್ನಿಲೆ ಗೆರಿ ಎಳದ್ರು. ರಕ್ತಕಣ ಸಣ್ಣವು, ಆದ್ರ ಎಣಿಕಿ ಭರಪೂರ ಐತಿ, ಇದು ಬರೇ ಐರನ್ ಕೊರತಿ ಅನಸವಲ್ದು ಅಂದ್ರು. "ತುಮ್ಹೀ ಸಿಂಧಿ ಕಾ?" ನೀವು ಸಿಂಧಿ ಏನು ಅಂತ ಮರಾಠಿಯೊಳಗ ಕೇಳಿದ್ರು. ಬಾಜೂಕಿನ ಪಿಂಪ್ರಿ ಸಿಂಧಿ ಮಂದ್ಯಾಗ ಥಲಸ್ಸೇಮಿಯಾ, ಅಂದ್ರ ಅಪ್ಪ-ಅವ್ವರಿಂದ ಮಕ್ಕಳಿಗೆ ಬರೂ ರಕ್ತದ ರೋಗ, ಜಾಸ್ತಿ, ಅದಕ್ಕ ಕೇಳಿದ್ದು. ಇಲ್ರಿ, ವಿಜಯಪುರದವ್ರು ಅಂದೆ. "ನಾತ್ಯಾತಲಂ ಲಗ್ನ?" ಸಂಬಂಧದಾಗ ಮದಿವಿ ಏನು ಅಂದ್ರು. ಹೌದ್ರಿ, ಅತ್ತಿ ಮಗಾನ.

ಎಚ್‌ಪಿಎಲ್‌ಸಿ ಅಂತ, ಹಿಮೋಗ್ಲೋಬಿನ್ ಬಗಿ ಬ್ಯಾರೆ ಬ್ಯಾರೆ ಮಾಡಿ ಅಳಿಯೂ ಟೆಸ್ಟ್ ಬರದ್ರು. ಎಚ್‌ಬಿ ಎ2 ಅನ್ನೂ ಬಗಿ ಸಾಧಾರಣ ನೂರಕ್ಕ 3.5ರ ಒಳಗಿರಬೇಕು, ನಂದು 5.1, ಅಂದ್ರ ಬೀಟಾ ಥಲಸ್ಸೇಮಿಯಾ ಕ್ಯಾರಿಯರ್, ರೋಗದ ಜೀನ್ ಒಂದು ಹೊತ್ತಾಕಿ. ಫೆರಿಟಿನ್ (ಮೈಯಾಗ ಕೂಡಿಟ್ಟ ಐರನ್ ಲೆಕ್ಕ) ನೋಡಿದ್ರ ಐರನ್ ತುಂಬಿ ಕುಂತಿತ್ತು, ಗುಳಿಗಿ ಬಂದ್ ಮಾಡ್ಸಿದ್ರು. ನಂಗೇನೂ ಆಗೂದಿಲ್ಲ, ಆದ್ರ ಗಂಡನೂ ಕ್ಯಾರಿಯರ್ ಆದ್ರ ಪ್ರತಿ ಬಸಿರಿಗೂ ನಾಕರಾಗ ಒಂದು ಪಾಲು ಕೂಸಿಗೆ ಥಲಸ್ಸೇಮಿಯಾ ಮೇಜರ್, ಅಂದ್ರ ಜೋರಿನ ರೋಗ, ಬರೂ ಸಂಭವ, ಬಂತಂದ್ರ ಎರಡು-ನಾಕು ವಾರಕ್ಕೊಮ್ಮೆ ರಕ್ತ ಏರಸ್ತನ ಇರಬೇಕು, ಏರ್ಸಿದ ರಕ್ತದ ಐರನ್ ಇಳಸಾಕ ಮತ್ತ ಬ್ಯಾರೆ ಔಷಧ.

ಸಂಬಂಧದಾಗ ಮದಿವಿ ಅಂದ್ರ ಲೆಕ್ಕ ಹೆಂಗ ಅಂದ್ರ, ನಂಗ ಇದು ಅಪ್ಪನ ಕಡಿಂದ ಬಂದಿದ್ರ ಅಪ್ಪನ ತಂಗಿ ಅಂದ್ರ ನಮ್ಮತ್ತಿಗೂ ಇರೂ ಸಂಭವ ಅರ್ಧಕ್ಕರ್ಧ, ಅಲ್ಲಿಂದ ಇವರಿಗೆ ಕಾಲು ಭಾಗ. ಫೋನ್ ಮಾಡಿದ್ರ ಅತ್ತಿ, "ನಮ್ಮ ಮನ್ಯಾಗ ಅಂಥಾದ್ದು ಯಾರಿಗೂ ಇಲ್ಲವಾ" ಅಂದ್ರು. ಯಾವ ಮನಿ ಅತ್ತಿ, ನಿಮ್ಮ ತವರುಮನಿ ಅಂದ್ರ ನಮ್ಮನೀನ ಅಲ್ಲೇನು ಅಂದೆ. ಒಂಚೂರು ಸುಮ್ಮಾಗಿ, ಅಕ್ಕಿ ಆರಸೂದು ಐತಿ ಅಂತ ಫೋನ್ ಇಟ್ರು.

ಇವ್ರು ಸೂಜಿ ಅಂದ್ರ ಮಾರಿ ತಿರವೂ ಪೈಕಿ, ಆದ್ರೂ ಮರುದಿನಾನ ಟೆಸ್ಟಿಗೆ ರಕ್ತ ಕೊಟ್ರು. ಎ2 ಬಂದದ್ದು 2.7, ಕ್ಯಾರಿಯರ್ ಅಲ್ಲ. ಮೇಜರ್ ಭಯ ಇಲ್ಲ, ಕೂಸು ನನ್ನಂಗ ಕ್ಯಾರಿಯರ್ ಆಗಬಹುದು ಅಷ್ಟ. ಬ್ಯಾರೆ ಜೀನ್‌ಗಳ ದೊಡ್ಡ ಪ್ಯಾನಲ್ ಟೆಸ್ಟ್ ಮಾಡಸ್ರಿ, ಹತ್ತಿರದ ಸಂಬಂಧ ಅಂದ್ರ ಅದೂ ನೋಡೂದು ಛಲೋ ಅಂತ ಮೇಡಮ್ ಅಂದಾರ, ರೊಕ್ಕ ಕೂಡಸಾಕತ್ತೀವಿ.

ಈಗ ಜಗಳ ತಮ್ಮನ ಸಲುವಾಗಿ. ಅವಂಗ ಹೆಣ್ಣು ಗೊತ್ತಾಗೇತಿ, ಅವನೂ ಟೆಸ್ಟ್ ಮಾಡಸ್ಲಿ ಅಂದ್ರ ಅಪ್ಪ, "ಬೀಗರ ಕಿವಿಗೆ ಬಿದ್ರ ಏನ್ ತಿಳ್ಕೊಂಡಾರು" ಅಂತಾನ. ತಮ್ಮ ಲ್ಯಾಬಿಗೆ ಹೋಗಿ ಬಂದಾನ, ರಿಪೋರ್ಟ್ ಏನರ ಬರ್ಲಿ ಆಕಿಗೆ ನಾನ ಹೇಳ್ತೀನಿ, ಅಪ್ಪನ ಕೈಲೆ ಬ್ಯಾಡ ಅಂದಾನ.